ತಪ್ಪು ಉತ್ತರ ಬಂದಾಗ ಮೇಷ್ಟ್ರು ಏನು ಮಾಡ್ತಾರೆ?

ಮೇಷ್ಟ್ರು ಇಷ್ಟವಾದರೆ ಗಣಿತವೂ ಇಷ್ಟವಾಗುತ್ತೆ ಅಂತ ಲೇಖನವೊಂದರಲ್ಲಿ ಓದಿದೆ. ಆ ಮಾತು ಅರ್ಧ ಸರಿ. ನಗುಮುಖ ಒಂದೇ ಸಾಲದು. ತಪ್ಪು ಉತ್ತರ ಬಂದ ಮೇಲಿನ ಅರ್ಧ ನಿಮಿಷ ಹೇಗೆ ಕಳೀತು ಅನ್ನೋದೇ ಮುಖ್ಯ.

402ರಲ್ಲಿ 178 ಕಳೆ ಅಂದರೆ 376 ಬರೆಯುವ ಮಕ್ಕಳು ಜಗಳೂರು, ಚಳ್ಳಕೆರೆ ಕಡೆಯ ಶಾಲೆಗಳಲ್ಲೂ ಸಿಗ್ತಾರೆ, ದಾವಣಗೆರೆಯ ದುಬಾರಿ ಕಾನ್ವೆಂಟುಗಳಲ್ಲೂ ಸಿಗ್ತಾರೆ. ಇದು ಬೇಜವಾಬ್ದಾರಿಯಲ್ಲ, ಮಗು ತಾನೇ ಮಾಡಿಕೊಂಡ ಒಂದು ನಿಯಮ. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ: 8−2=6, 7−0=7, 4−1=3. ಕೆಂಪು ಗೀಟು ಎಳೆದರೆ ಮಗುವಿಗೆ ತಿಳಿಯೋದು 'ನಾನು ದಡ್ಡ' ಅಂತ ಮಾತ್ರ. 'ಹೇಗೆ ಮಾಡ್ದೆ, ಹೇಳು' ಅಂತ ಕೇಳಿದರೆ ನಿಯಮ ಹೊರಬರುತ್ತೆ. ಆಮೇಲೆ ಆಟದ ನೋಟು ಕೊಡಿ: ನಾಲ್ಕು ನೂರರದು, ಎರಡು ಬಿಡಿ ರೂಪಾಯಿ. ಒಂದು ನೂರನ್ನು ಹತ್ತು ಹತ್ತರ ನೋಟು ಮಾಡಿಸಿ, ಅದರಲ್ಲಿ ಒಂದನ್ನು ಹತ್ತು ಬಿಡಿ ಮಾಡಿಸಿ. ಈಗ 3 ನೂರು, 9 ಹತ್ತು, 12 ಬಿಡಿ. 178 ತೆಗೆದರೆ 224. ನಡುವಿನ ಸೊನ್ನೆಯೇ ಎಡವಿಸೋದು, ಅಲ್ಲಿ ಅವಸರ ಬೇಡ.

ಪ್ರಶ್ನೆ ಕೇಳಿ ಕನಿಷ್ಠ 3 ಸೆಕೆಂಡು ಸುಮ್ಮನಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ವಿಜ್ಞಾನದ ತರಗತಿಗಳಲ್ಲಿ ಗಮನಿಸಿದಂತೆ ಶಿಕ್ಷಕರು ಸಾಮಾನ್ಯವಾಗಿ ಕಾಯೋದು ಒಂದು ಸೆಕೆಂಡಿನಷ್ಟೇ. ಅಷ್ಟರಲ್ಲಿ ಮುಂದಿನ ಬೆಂಚಿನ ಅದೇ ಇಬ್ಬರು ಕೈ ಎತ್ತಿರ್ತಾರೆ, ಉಳಿದವರು ಯೋಚನೆ ನಿಲ್ಲಿಸಿರ್ತಾರೆ.

'ನಂಗೂ ಗಣಿತ ಬರ್ತಿರಲಿಲ್ಲ ಬಿಡು' ಅನ್ನೋ ಸಮಾಧಾನವಂತೂ ಬೇಡವೇ ಬೇಡ (ಅಪ್ಪ-ಅಮ್ಮಂದಿರಿಗೂ ಸೇರಿಸಿ ಹೇಳ್ತಿದ್ದೀನಿ). 'ಜಾಣ' ಅನ್ನೋ ಬದಲು 'ನೂರನ್ನು ಸರಿಯಾಗಿ ಬಿಡಿಸಿದೆ, ಈಗ ಹತ್ತರ ಸ್ಥಾನ ನೋಡು' ಅನ್ನಿ.