ಹಾರಲಿ, ಆದರೆ ಗ್ಲೌಸ್ ಹಾಕಲಿ

ನಮ್ಮ ಮನೆಯಲ್ಲಿ ಸೂಪರ್‌ಹೀರೋ ಸಿನಿಮಾ ಕೊನೆ ಮುಟ್ಟುವುದೇ ಇಲ್ಲ. ವಿಲನ್ ಕಾರಣ ಅಲ್ಲ, ಭಾವ ಕಾರಣ. ಆರೋಗ್ಯ ಇಲಾಖೆಯಿಂದ ರಿಟೈರ್ ಆದವರು. ಆದಿತ್ಯವಾರ ಪೆರ್ಲದಿಂದ ಬಸ್ಸು ಹಿಡಿದು ಬದಿಯಡ್ಕಕ್ಕೆ ಬರುತ್ತಾರೆ, ಊಟ ಮಾಡುತ್ತಾರೆ, ರಿಮೋಟ್ ಹಿಡಿಯುತ್ತಾರೆ. ಅಲ್ಲಿಗೆ ಮುಗಿಯಿತು.

ಮೊನ್ನೆಯೂ ಅದೇ. ಹೀರೋ ಆಸ್ಪತ್ರೆ ಮಂಚದಲ್ಲಿದ್ದ. ಮಾನಿಟರಿನ ಗೆರೆ ನೇರ ಆಯಿತು. ಡಾಕ್ಟರು ಇಸ್ತ್ರಿಪೆಟ್ಟಿಗೆಯಂಥ ಎರಡನ್ನು ಉಜ್ಜಿ ಎದೆಗೆ ಒತ್ತಿದರು. ಭಾವ ಸಿನಿಮಾ ನಿಲ್ಲಿಸಿದರು.

“ಎಂತದು ಮಾರಾಯ ಇದು! ಗೆರೆ ನೇರ ಆದ ಮೇಲೆ ಶಾಕ್ ಕೊಡ್ಲಿಕ್ಕುಂಟಾ?”

ನಾನು ಸುಮ್ಮನಿದ್ದೆ. ಸುಮ್ಮನಿದ್ದವರಿಗೂ ಪಾಠ ತಪ್ಪುವುದಿಲ್ಲ. ಹೃದಯ ತಾಳ ತಪ್ಪಿ ಅದುರುವಾಗ ಶಾಕ್ ಕೊಟ್ಟರೆ ಆ ಅದುರಾಟ ನಿಂತು ಸರಿಯಾದ ಬಡಿತ ಮರಳಬಹುದು. ಪೂರ್ತಿ ನಿಂತ ಹೃದಯಕ್ಕೆ ಅದರಿಂದ ಪ್ರಯೋಜನವಿಲ್ಲ. ಎದೆ ಒತ್ತಬೇಕು, ಅಡ್ರಿನಾಲಿನ್ ಕೊಡಬೇಕು. ಒತ್ತುವುದು ಹೇಗೆ ಅಂತ ತೋರಿಸದೆ ಬಿಡ್ತಾರಾ? ಸೋಫಾದ ದಿಂಬನ್ನು ನೆಲಕ್ಕೆ ಹಾಕಿ, ಮೊಣಕಾಲೂರಿ, ಕೈ ನೆಟ್ಟಗೆ ಮಾಡಿ ಶುರು ಮಾಡಿದರು. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳ. “ಎಣಿಸು ಮಾರಾಯ!” ಎಣಿಸಿದೆ. ದಿಂಬಿನ ಹೊಲಿಗೆ ಬಿಟ್ಟಿತು.

“ಅಣ್ಣಾ, ಅದು ಹೊಸ ದಿಂಬು!” ಒಳಗಿನಿಂದ ನನ್ನ ಹೆಂಡತಿ.

“ಪಕ್ಕೆಲುಬು ಮುರಿದರೂ ನಿಲ್ಲಿಸಬಾರದು,” ಅಂದರು ಭಾವ, ಹತ್ತಿ ಒಳಗೆ ತುರುಕುತ್ತಾ. ಹೀರೋ ಅಷ್ಟು ಹೊತ್ತೂ ಬಾಯಿ ತೆರೆದುಕೊಂಡೇ ಇದ್ದ.

ಇವರ ತಕರಾರಿನ ತಲೆಬುಡ ನನಗೆ ಇವತ್ತಿಗೂ ಸಿಕ್ಕಿಲ್ಲ. ಹೀರೋ ಹಾರಿದರೆ ಮಾತಿಲ್ಲ, ಕಟ್ಟಡ ಎತ್ತಿದರೂ ಇಲ್ಲ. ಗ್ಲೌಸ್ ಹಾಕದೆ ಗಾಯ ಹೊಲಿದರೆ ಸಿಟ್ಟು ನೆತ್ತಿಗೇರುತ್ತದೆ. ಹಲ್ಕ್ ಉಬ್ಬಿದರೆ, “ಗಾಮಾ ಕಿರಣ ಅಷ್ಟು ಬಿದ್ದರೆ ವಾಂತಿ ಶುರುವಾಗ್ತದೆ, ಮೂಳೆಮಜ್ಜೆ ಹಾಳಾಗ್ತದೆ. ಮಾಂಸ ಬೆಳೆಯುವುದು ಎಲ್ಲಿಂದ?” ಐರನ್ ಮ್ಯಾನ್ ಎದೆಯ ಅಯಸ್ಕಾಂತ ಕಂಡರೆ, “ಇವನಿಗೆ ಎಂಆರ್‌ಐ ಮಾಡುವುದು ಹೇಗೆ?” 2021ರ ‘ಮಿನ್ನಲ್ ಮುರಳಿ’ಯಲ್ಲಿ ದರ್ಜಿಗೆ ಸಿಡಿಲು ಬಡಿದಾಗ, “ಮೊದಲು ಕಿವಿತಮಟೆ ನೋಡಿ!” ತುಲಾ ತಿಂಗಳ ಸಿಡಿಲಿಗೆ ನಮ್ಮಲ್ಲಿ ಮೋಡೆಮ್ ಸುಟ್ಟದ್ದುಂಟು, ಶಕ್ತಿ ಯಾರಿಗೂ ಬಂದಿಲ್ಲ, ಅದು ನಿಜ.

ಮಗ ಸುಮ್ನೆ ಇರಬಾರದಾ? “ಮಾವ, ಕೆಮಿಕಲ್ ಮೈಮೇಲೆ ಬಿದ್ದರೆ ಪವರ್ ಬರ್ತದಾ?” ಅಂದ.

ಭಾವ ಕಾಸರಗೋಡಿನ ಎಣ್ಮಕಜೆ ಪಂಚಾಯತಿನವರು. ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡವರು. ಹಾಸಿಗೆಯಿಂದ ಏಳಲಾರದ ಮಕ್ಕಳಿರುವ ಮನೆಗಳಿಗೆ ಗುಳಿಗೆ ತಲುಪಿಸಿದವರು.

“ಇಲ್ಲ ಮಗಾ,” ಅಂದರು. ವಿವರಣೆ ಕೊಡಲಿಲ್ಲ. ರಿಮೋಟನ್ನು ಅವನ ಕೈಗೇ ಕೊಟ್ಟರು.

ಸಿನಿಮಾ ಓಡಿತು. ಹೀರೋ ಎದ್ದು, ಕೈಯ ಡ್ರಿಪ್ ಕಿತ್ತೆಸೆದು, ಕಿಟಕಿಯಿಂದ ಹಾರಿದ.

“ಏ, ನಿಲ್ಲಿಸು! ಸೂಜಿ ಕಿತ್ತಲ್ಲಿ ಹತ್ತಿ ಒತ್ತಲೇ ಇಲ್ಲ ಅವ!”

ಕ್ಲೈಮ್ಯಾಕ್ಸಿಗೆ ಇನ್ನು ಅರ್ಧ ಗಂಟೆ ಇತ್ತು. ಪೆರ್ಲದ ಬಸ್ಸಿಗೆ ಎರಡು ಗಂಟೆ.