ನಮ್ಮ ಕಾರಿನ ಕೆಳಗೆ ಮಲಗುವವರು ಯಾರು?

ಕಳೆದ ಅಕ್ಟೋಬರಿನ ಒಂದು ಭಾನುವಾರ ದಾವಣಗೆರೆಯಿಂದ ಅಪ್ಪ ವಿಡಿಯೋ ಕರೆ ಮಾಡಿದಾಗ ನಾನು ಮನೆಯ ಗ್ಯಾರೇಜಿನಲ್ಲಿ ಕಾರಿನ ಕೆಳಗೆ ಅಂಗಾತ ಮಲಗಿದ್ದೆ. ಮಗಳು ಫೋನನ್ನು ಬಗ್ಗಿಸಿ ನನ್ನತ್ತ ಹಿಡಿದಳು. ಮುಖಕ್ಕೆ ಮೆತ್ತಿದ ಮಸಿಯನ್ನೂ ಮೊಣಕೈವರೆಗೆ ಇಳಿದಿದ್ದ ಎಣ್ಣೆಯನ್ನೂ ನೋಡಿ ಕ್ಷಣಕಾಲ ಸುಮ್ಮನಿದ್ದ ಅಪ್ಪ, "ಅಲ್ಲಪ್ಪಾ, ಅಷ್ಟು ದೂರ ಹೋಗಿ ದುಡಿದು, ಒಬ್ಬ ಮೆಕ್ಯಾನಿಕ್‌ಗೆ ಕೊಡೋಕೂ ಆಗಲ್ವೇನೋ ನಿಂಗೆ?" ಎಂದರು. ಆ ಮಾತಿನಲ್ಲಿದ್ದದ್ದು ಕಾಳಜಿಯೇ. ಆದರೂ ಅದು ನನ್ನನ್ನು ಚುಚ್ಚಿತು. ಕೈಗೆ ಗ್ರೀಸು ಹತ್ತಿದವನು ಕೈಯಲ್ಲಿ ಕಾಸಿಲ್ಲದವನೇ ಇರಬೇಕು ಎಂಬ ಎಣಿಕೆ ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ನಾನಿರುವುದು ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಹೊರವಲಯದಲ್ಲಿ. ನನ್ನದು 1991ರ ಮಾಜ್ದಾ ಮಿಯಾಟಾ, ಇಬ್ಬರೇ ಕೂರಬಹುದಾದ, ಬಟ್ಟೆಯ ಛಾವಣಿಯ ಪುಟ್ಟ ಸ್ಪೋರ್ಟ್ಸ್ ಕಾರು. 1989ರ ಫೆಬ್ರವರಿಯಲ್ಲಿ ಶಿಕಾಗೋ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಮಾದರಿಯನ್ನು, 1960ರ ದಶಕದ ಬ್ರಿಟಿಷ್ ಕಾರುಗಳ ಚೆಲುವಿಗೆ ಜಪಾನಿನ ವಿಶ್ವಾಸಾರ್ಹತೆ ಕೂಡಿಸಿ ಮಾಡಿದರು. 1.6 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, 116 ಅಶ್ವಶಕ್ತಿ, ಗುಂಡಿ ಒತ್ತಿದರೆ ಕಣ್ಣು ತೆರೆದಂತೆ ಮೇಲೇಳುವ ದೀಪಗಳು, ಡಿಕ್ಕಿಯ ಮೂಲೆಯಲ್ಲಿ ಸಣ್ಣ ಬ್ಯಾಟರಿ. ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳು ಮಿಲಿಮೀಟರಿನ ಸ್ಪ್ಯಾನರುಗಳಿದ್ದರೆ ಇದರ ಬಹುಪಾಲು ಬೋಲ್ಟುಗಳನ್ನು ಬಿಚ್ಚಬಹುದು. ಮನೆಯಲ್ಲಿ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ.

ಅಂದು ಕೆಟ್ಟದ್ದು ಕ್ಲಚ್. ಪೆಡಲ್ ಒತ್ತಿದರೆ ನೆಲಕ್ಕೆ ಹೋಗಿ ಅಲ್ಲೇ ಉಳಿಯುತ್ತಿತ್ತು, ರಿವರ್ಸ್ ಗೇರ್ ಕರಕರ ಎನ್ನುತ್ತಿತ್ತು. ಬಾನೆಟ್ ಎತ್ತಿ ನೋಡಿದರೆ, ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಸಾಗಿಸುವ ದ್ರವದ ಡಬ್ಬಿ ಬರಿದಾಗಿತ್ತು. ಹಾಗಾದರೆ ಅದು ಎಲ್ಲಿಗೆ ಹೋಯಿತು ಎಂಬುದೇ ಪತ್ತೆಯ ಮೊದಲ ಪ್ರಶ್ನೆ. ಪೆಡಲಿಗೆ ಹೊಂದಿಕೊಂಡ ಮೇಲಿನ ಮಾಸ್ಟರ್ ಸಿಲಿಂಡರ್ ಸೋರಿದರೆ ಪೆಡಲಿನ ಹಿಂದೆ ತೇವ ಕಾಣಬೇಕು, ಆ ಒತ್ತಡ ಪಡೆದು ಕ್ಲಚ್ ಬಿಡಿಸುವ, ಗೇರ್‌ಬಾಕ್ಸಿನ ಪಕ್ಕದ ಸ್ಲೇವ್ ಸಿಲಿಂಡರ್ ಸೋರಿದರೆ ಕೆಳಗೆ. ಪೆಡಲಿನ ಬಳಿ ಒಣಗಿತ್ತು. ಕೆಳಗೆ ನುಸುಳಿ ಸ್ಲೇವ್ ಸಿಲಿಂಡರಿನ ತುದಿಯ ರಬ್ಬರ್ ಟೋಪಿಯನ್ನು ಬೆರಳಿನಿಂದ ಸರಿಸಿದೊಡನೆ ಕಪ್ಪು ದ್ರವ ಮಣಿಕಟ್ಟಿನ ಮೇಲೆ ಸುರಿಯಿತು. ಒಳಗಿನ ರಬ್ಬರ್ ಬಳೆ ಸವೆದಿತ್ತು. ಮಿಯಾಟಾದ ಒಡೆಯರಿಗೆಲ್ಲ ಒಂದಲ್ಲ ಒಂದು ದಿನ ಒದಗಿಬರುವ ಕೆಲಸ ಇದು. ಆದರೂ ಯಾರೂ ಹೇಳದೆ, ಒಂದೊಂದೇ ಸಾಧ್ಯತೆಯನ್ನು ತಳ್ಳಿಹಾಕುತ್ತ, ನಾನೇ ಅಲ್ಲಿಗೆ ತಲುಪಿದೆನೆಂಬ ಸಂತೋಷವನ್ನು ಇಪ್ಪತ್ತು ವರ್ಷಗಳ ನೌಕರಿಯಲ್ಲಿ ನಾನು ಹೆಚ್ಚು ಸಲ ಕಂಡಿಲ್ಲ.

ಇದೇ ನನ್ನ ತಕರಾರಿನ ಮೂಲ. ನಾನು ಕರ್ನಾಟಕದಲ್ಲಿ ನಾಲ್ಕು ವರ್ಷ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. ಪಿಸ್ಟನ್ನಿನ ವೇಗವನ್ನು ಲೆಕ್ಕ ಹಾಕಿದ್ದೇನೆ, ಕ್ಲಚ್ಚಿನ ಅಡ್ಡಕೊಯ್ತವನ್ನು ಹಾಳೆಯ ಮೇಲೆ ಅಚ್ಚುಕಟ್ಟಾಗಿ ಬರೆದಿದ್ದೇನೆ. ಒಂದು ಕಾರಿನ ಒಂದೇ ಒಂದು ಬೋಲ್ಟನ್ನೂ ಬಿಚ್ಚದೆ ಪದವಿ ಪಡೆದಿದ್ದೇನೆ. ಮನೆಯಲ್ಲಿ 1985ರ ಪ್ರೀಮಿಯರ್ ಪದ್ಮಿನಿ ಇತ್ತು. ಅದು ಕೆಟ್ಟಾಗ ಮೇಸ್ತ್ರಿ ಬರುತ್ತಿದ್ದರು, ಅವರ ಹಿಂದೆ ಸಲಕರಣೆ ಚೀಲ ಹೊತ್ತ ಹುಡುಗ. ಅಪ್ಪನಿಗೆ ಕುರ್ಚಿ ಹಾಕಲಾಗುತ್ತಿತ್ತು, ಒಳಗಿನಿಂದ ಚಹಾ ಬರುತ್ತಿತ್ತು. ನಾನು ಹತ್ತಿರ ಹೋದರೆ, "ಬಟ್ಟೆ ಕೊಳೆಯಾಗುತ್ತೆ, ಈಚೆ ಬಾ" ಎಂದು ಅಮ್ಮ ಕರೆಯುತ್ತಿದ್ದಳು. ಆ ಹುಡುಗನಿಗೂ ನನಗೂ ಒಂದೇ ವಯಸ್ಸು. ಅವನು ಕಾರಿನ ಕೆಳಗಿದ್ದ, ನಾನು ಜಗುಲಿಯ ಮೇಲಿದ್ದೆ, ಮತ್ತು ಎಂಜಿನಿಯರ್ ಆದವನು ನಾನು. ಆಯುಧಪೂಜೆಯ ದಿನ ಸ್ಪ್ಯಾನರಿಗೆ ಅರಿಶಿನ ಕುಂಕುಮ ಹಚ್ಚುತ್ತೇವೆ, ಬೂದಗುಂಬಳ ಒಡೆಯುತ್ತೇವೆ. ಮರುದಿನದಿಂದ ಅದೇ ಸ್ಪ್ಯಾನರ್ ಹಿಡಿದವನನ್ನು ಏಕವಚನದಲ್ಲಿ ಕರೆಯುತ್ತೇವೆ.

ಇಲ್ಲಿ ನನ್ನ ಎದುರುಮನೆಯವರು ನಿವೃತ್ತ ದಂತವೈದ್ಯರು. ಅವರ ಬಳಿ 1966ರ ಫೋರ್ಡ್ ಮಸ್ಟಾಂಗ್ ಇದೆ, ಅದರ ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಿನ ಅಂತರವನ್ನು ಅವರೇ ಸರಿಪಡಿಸಿಕೊಳ್ಳುತ್ತಾರೆ. ನಾನು ಈ ಕಾರನ್ನು ಕೊಂಡ ಮೊದಲ ವಾರ, ಬರೀ ಜಾಕ್ ಎತ್ತಿ ಕೆಳಗೆ ತಲೆ ಹಾಕಿದ್ದನ್ನು ಕಂಡು ರಸ್ತೆ ದಾಟಿ ಓಡಿಬಂದರು. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ, ಹೊರುವುದಕ್ಕೆ ಸ್ಟ್ಯಾಂಡ್ ಬೇಕು ಎಂದು ಗದರಿ, ತಮ್ಮ ಮನೆಯಿಂದ ನಾಲ್ಕು ಸ್ಟ್ಯಾಂಡುಗಳನ್ನು ತಂದುಕೊಟ್ಟರು. ಅವರು ವೈದ್ಯರೆಂದು ನನಗೆ ತಿಳಿದದ್ದು ಆರು ತಿಂಗಳ ನಂತರ. ಬಿಡಿಭಾಗದ ಅಂಗಡಿಯ ವಿಷಯವೂ ಹೀಗೆಯೇ ನನ್ನನ್ನು ಬೆರಗುಗೊಳಿಸಿತು. ಇಲ್ಲಿನ ದೊಡ್ಡ ಅಂಗಡಿಗಳು ವರ್ಷಕ್ಕೊಮ್ಮೆ ಬೇಕಾಗುವ ದುಬಾರಿ ಸಲಕರಣೆಗಳನ್ನು ಠೇವಣಿ ಇಟ್ಟುಕೊಂಡು ಎರವಲು ಕೊಡುತ್ತವೆ, ಮರಳಿಸಿದಾಗ ಠೇವಣಿಯನ್ನು ಪೂರ್ತಿ ಹಿಂದಿರುಗಿಸುತ್ತವೆ. ಚಕ್ರದ ಬಳಿಯ ಕೀಲಾದ ಬಾಲ್ ಜಾಯಿಂಟ್ ಬಿಡಿಸುವ ಉಪಕರಣವನ್ನು ನಾನು ಹಾಗೆಯೇ ತಂದೆ. ಬಿಗಿತ ಅಳೆಯುವ ಟಾರ್ಕ್ ರೆಂಚನ್ನೂ ಮೊದಲು ಹಾಗೆಯೇ ತಂದು, ಚಕ್ರದ ನಟ್ಟುಗಳನ್ನು 65ರಿಂದ 87 ಪೌಂಡ್-ಅಡಿಯ ಮಿತಿಯೊಳಗೆ ಬಿಗಿಯುವುದನ್ನು ಕಲಿತೆ. ನಮ್ಮೂರಿನಲ್ಲಿ ಆ ಬಿಗಿತದ ಅಳತೆ ಹುಡುಗನ ತೋಳಿನಲ್ಲಿರುತ್ತದೆ, ಕೆಲವೊಮ್ಮೆ ಪಾನಾದ ಮೇಲೆ ಹತ್ತಿ ನಿಂತ ಅವನ ಕಾಲಿನಲ್ಲಿ.

1995ರಿಂದ, 2020ರ ಹೊರತಾಗಿ, ಪ್ರತಿ ಆಗಸ್ಟಿನಲ್ಲಿ ಡೆಟ್ರಾಯಿಟಿನ ಉತ್ತರದ ಉಪನಗರಗಳಲ್ಲಿ ವುಡ್‌ವರ್ಡ್ ರಸ್ತೆಯುದ್ದಕ್ಕೂ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದೆ. ಜನ ರಸ್ತೆಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಬಾನೆಟ್ ತೆರೆದಿಟ್ಟು ಕೂತಿರುತ್ತಾರೆ. ಅಲ್ಲಿ ನನ್ನನ್ನು ಮಾತಾಡಿಸಿದವರೆಲ್ಲ, ಈ ಕಾರಿಗೆ ನೀವು ಏನೇನು ಮಾಡಿದ್ದೀರಿ ಎಂದು ಕೇಳಿದರು. ಊರಿಗೆ ಹೋದಾಗ ಇದೇ ಕಾರಿನ ಚಿತ್ರ ತೋರಿಸಿದರೆ ಬರುವ ಪ್ರಶ್ನೆ, "ಮಾರಿದರೆ ಎಷ್ಟು ಬರುತ್ತೆ?"

ಇಷ್ಟೆಲ್ಲ ಹೇಳಿದ ಮೇಲೆ, ಕೆಲವು ಮಾತುಗಳನ್ನು ನನಗೆ ಇಷ್ಟವಿಲ್ಲದಿದ್ದರೂ ಒಪ್ಪಿಕೊಳ್ಳಬೇಕಾಗಿದೆ. ಇಲ್ಲಿ ದಂತವೈದ್ಯರು ಕಾರಿನ ಕೆಳಗೆ ಮಲಗುವುದಕ್ಕೆ ಶ್ರಮದ ಮೇಲಿನ ಗೌರವವೊಂದೇ ಕಾರಣವಲ್ಲ. ಕೆಲಸಕ್ಕೆ ಗಂಟೆಗೆ ನೂರು ಡಾಲರಿಗೂ ಮೀರಿ ತೆರಬೇಕಾದ ಊರಿನಲ್ಲಿ, ಎರಡು ಕಾರು ಹಿಡಿಸುವ ಗ್ಯಾರೇಜು ಇರುವವನು ತಾನೇ ಕೈ ಹಾಕುತ್ತಾನೆ. ಮಿಷಿಗನ್ನಿನಲ್ಲಿ ವಾಹನಗಳಿಗೆ ನಿಯತಕಾಲಿಕ ತಪಾಸಣೆಯೇ ಇಲ್ಲ. ಚಳಿಗಾಲದ ಉಪ್ಪು ತಿಂದು ತಳ ಟೊಳ್ಳಾದ ಕಾರುಗಳೂ ಅದೇ ರಸ್ತೆಯಲ್ಲಿ ಓಡುತ್ತವೆ. ನಮ್ಮಲ್ಲಿ ಹದಿನೈದು ವರ್ಷ ಕಳೆದ ಕಾರನ್ನು ತಪಾಸಣೆಗೆ ಒಯ್ದು ನೋಂದಣಿ ನವೀಕರಿಸಬೇಕೆಂಬ ನಿಯಮವನ್ನು ನಾನು ಬಹಳ ದಿನ ಬರೀ ಕಿರುಕುಳ ಎಂದುಕೊಂಡಿದ್ದೆ. ಹಾಗಲ್ಲ ಎಂದು ಈಗ ಅನ್ನಿಸುತ್ತದೆ.

ಇನ್ನೊಂದು ಮಾತು ಮೇಸ್ತ್ರಿಯವರದು. ಬೆರಳಗಲದ ರಬ್ಬರ್ ಬಳೆ ಸವೆಯಿತೆಂದು ನಾನು ಇಡೀ ಸಿಲಿಂಡರನ್ನು ಎಸೆದು ಹೊಸದನ್ನು ತರಿಸಿದೆ. ಹೊಸದರ ಒತ್ತಡಕ್ಕೆ ಹಳೆಯದು ಸೋಲಬಹುದೆಂದು ಸರಿಯಿದ್ದ ಮಾಸ್ಟರ್ ಸಿಲಿಂಡರನ್ನೂ ಬದಲಿಸಿದೆ. ಮೇಸ್ತ್ರಿಯವರು ಪದ್ಮಿನಿಯ ಬ್ರೇಕ್ ಸಿಲಿಂಡರನ್ನು ಬಿಚ್ಚಿ, ಒಳಗೋಡೆಗೆ ನಯವಾದ ಎಮರಿ ಕಾಗದ ಆಡಿಸಿ, ಬೆಳಕಿಗೆ ಹಿಡಿದು ನೋಡಿ, ವಾಷರ್ ಕಿಟ್ ಹಾಕಿ ಮತ್ತೆ ಕೂರಿಸುತ್ತಿದ್ದರು. ಆ ಕೈಚಳಕ ನನಗೆ ಇನ್ನೂ ಬಂದಿಲ್ಲ. ನಾನು ಮಾಡುತ್ತಿರುವುದು ಹೆಚ್ಚಿನ ಮಟ್ಟಿಗೆ ಬದಲಾವಣೆ, ಅವರು ಮಾಡುತ್ತಿದ್ದುದು ರಿಪೇರಿ.

ಅಂದು ಅಪ್ಪ ಫೋನ್ ಇಡಲಿಲ್ಲ. ಹೊಸ ಸಿಲಿಂಡರ್ ಕೂರಿಸಿಯಾಗಿತ್ತು, ಕೊಳವೆಯಲ್ಲಿ ಸಿಕ್ಕಿದ್ದ ಗಾಳಿಯನ್ನು ಹೊರಹಾಕುವ ಕೆಲಸ ಮಾತ್ರ ಉಳಿದಿತ್ತು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಗಾಳಿ ಬಿಡುವ ತಿರುಪಾದ ನಿಪ್ಪಲ್ ಸಡಿಲಿಸಿ, ಪೆಡಲ್ ಮೇಲೇಳುವ ಮುನ್ನ ಮುಚ್ಚಬೇಕು, ಇಲ್ಲವಾದರೆ ಹೋದ ಗಾಳಿ ಹಿಂದಿರುಗುತ್ತದೆ. ಮಗಳನ್ನು ಸೀಟಿನಲ್ಲಿ ಕೂರಿಸಿ ನಾನು ವಿವರಿಸತೊಡಗಿದಾಗ ಫೋನಿನಿಂದ ಅಪ್ಪನ ದನಿ ಕೇಳಿಸಿತು. "ಇದು ನಂಗೆ ಗೊತ್ತು. ಬ್ರೇಕ್ ಕೆಲಸ ಇದ್ದಾಗೆಲ್ಲ ಮೇಸ್ತ್ರಿಗೆ ನಾನೇ ಒತ್ತಿ ಕೊಡ್ತಿದ್ದೆ." ಕುರ್ಚಿಯಲ್ಲಿ ಕೂತ ಅಪ್ಪನಷ್ಟೇ ನನ್ನ ನೆನಪಿನಲ್ಲಿದ್ದರು. ಪಂಚೆ ಎತ್ತಿ ಕಟ್ಟಿ ಡ್ರೈವರ್ ಸೀಟಿನಲ್ಲಿ ಕೂತು, ಕೆಳಗಿನಿಂದ ಬರುವ ಅಪ್ಪಣೆಗೆ ಕಾಯುತ್ತಿದ್ದ ಅಪ್ಪನನ್ನು ಜಗುಲಿಯ ಮೇಲಿನಿಂದ ನಾನು ಗಮನಿಸಿಯೇ ಇರಲಿಲ್ಲ.

ನಾನು ಮತ್ತೆ ಕೆಳಗೆ ಸರಿದು ಸ್ಪ್ಯಾನರ್ ಹಿಡಿದೆ. ಎಣಿಕೆಯನ್ನು ಅಪ್ಪನೇ ಹೇಳಿದರು, ದಾವಣಗೆರೆಯಿಂದ, ಮೊಮ್ಮಗಳಿಗೆ: "ಒತ್ತು. ಹಿಡ್ಕೋ. ಈಗ ಬಿಡು." ಎಂಟನೆಯ ಸಲಕ್ಕೆ ಗುಳ್ಳೆಗಳು ನಿಂತು, ತಿಳಿಯಾದ ದ್ರವ ಒಂದೇ ಎಳೆಯಾಗಿ ಸೀಸೆಗೆ ಇಳಿಯಿತು.