ಎಳೆದರೆ ಬಾರದ ಪಿನ್ನು

ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸ್ಕೂಟರಿನ ಹಾರನ್ ನಿಂತುಹೋದರೆ ಏನಾಗುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ನಾವಿದ್ದೇವೆ ಅನ್ನುವುದೇ ಯಾರಿಗೂ ತಿಳಿಯುವುದಿಲ್ಲ. ಮೆಕ್ಯಾನಿಕ್ ಗಾಡಿ ಮುಟ್ಟದೆಯೇ ತೀರ್ಪು ಕೊಟ್ಟ: "ಪೂರ್ತಿ ವೈರಿಂಗೇ ಚೇಂಜ್ ಮಾಡ್ಬೇಕು ಸಾರ್."

ಪಾರ್ಕಿಂಗಿನಲ್ಲಿ ಇದನ್ನು ಹೆಂಡತಿಗೆ ಹೇಳುತ್ತಿದ್ದೆ. ಮೇಲಿನ ಮನೆ ಅಂಕಲ್ ಕಿವಿಗೆ ಬಿದ್ದಿದ್ದೇ ತಡ, ಪಂಚೆ ಎತ್ತಿ ಕಟ್ಟಿ ಇಳಿದು ಬಂದರು. ರಿಟೈರ್ ಆದಮೇಲೆ ನಮ್ಮ ಬಿಲ್ಡಿಂಗಿನ ರಿಪೇರಿಗಳೆಲ್ಲ ಅವರದ್ದೇ. ಅದರಲ್ಲಿ ಅರ್ಧ, ಅವರೇ ಬಿಚ್ಚಿಟ್ಟಿದ್ದು.

"ವೈರ್ ಸುಮ್ನೆ ಕಟ್ ಆಗಲ್ಲ ಕಣಯ್ಯಾ. ಕಪ್ಲರ್‌ನಲ್ಲಿ ಪಿನ್ ಹಿಂದಕ್ಕೆ ಸರಿದಿರುತ್ತೆ, ನೋಡು ಬೇಕಾದ್ರೆ."

ಕಪ್ಲರ್ ಅಂದರೆ ಎರಡು ಕಡೆಯ ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಗೂಡು, ಒಳಗೆ ಒಂದೊಂದು ವೈರಿನ ತುದಿಗೂ ಒಂದೊಂದು ಪಿನ್. ಮುಂದಿನ ಪ್ಯಾನಲ್ ಬಿಚ್ಚಿ ನೋಡಿದರೆ ಅವರ ಮಾತೇ ನಿಜ. ಎಡಗೈ ಕಡೆಯ ಸ್ವಿಚ್ಚಿನಿಂದ ಬರುವ ಕಪ್ಲರ್‌ನಲ್ಲಿ ಎಲ್ಲ ಪಿನ್ನುಗಳೂ ಒಂದೇ ಸಾಲಿಗೆ ನಿಂತಿದ್ದರೆ, ಹಾರನ್ನಿನದು ಮಾತ್ರ ಕೂದಲೆಳೆಯಷ್ಟು ಹಿಂದೆ. ತುದಿಯಲ್ಲಿ ಹಸಿರು ಕಿಲುಬು ಬೇರೆ.

ಈ ಪಿನ್ನು ಹಿಡಿದು ಎಳೆದರೆ ಬರುವ ಜಾತಿಯದಲ್ಲ. ಹಿತ್ತಾಳೆಯ ಮೈಮೇಲೆ ಒಂದು ಸಣ್ಣ ನಾಲಿಗೆ ಇರುತ್ತದೆ, ಅದು ಪ್ಲಾಸ್ಟಿಕ್ಕಿನ ಒಳಗೆ ಸಿಕ್ಕಿಕೊಂಡು ಕೂತಿರುತ್ತದೆ. ಕೆಲವದರಲ್ಲಿ ನಾಲಿಗೆ ಪ್ಲಾಸ್ಟಿಕ್ಕಿನದ್ದೇ, ಅದನ್ನು ಎತ್ತಬೇಕು. ಜೋರಾಗಿ ಎಳೆದರೆ ವೈರ್ ಕೈಗೆ ಬರುತ್ತದೆ, ಪಿನ್ ಅಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲು ವೈರನ್ನು ಒಳಕ್ಕೇ ಒಂಚೂರು ತಳ್ಳಬೇಕು. ನಾಲಿಗೆ ಮೇಲಿನ ಬಿಗಿ ಸಡಿಲವಾಗುತ್ತದೆ. ಆಮೇಲೆ ಮುಂದಿನಿಂದ ಸಣ್ಣ ಸೂಜಿ ತೂರಿಸಿ ಅದನ್ನು ಅದುಮಿದರೆ, ಏನೂ ಆಗೇ ಇಲ್ಲ ಅನ್ನುವ ಹಾಗೆ ಪಿನ್ ಹಿಂದಿನಿಂದ ಜಾರಿ ಬರುತ್ತದೆ.

ಸೂಜಿ ಅಂದೆನಲ್ಲ, ಅದರದ್ದೇ ಒಂದು ಕಥೆ. ಮೊದಲು ಸಿಮ್ ತೆಗೆಯುವ ಕಡ್ಡಿ ತಂದೆ, ಅದು ದಪ್ಪವಾಯಿತು. ಗುಂಡುಪಿನ್ ಬಾಗಿತು. ಹೆಂಡತಿಯ ಸೀರೆ ಪಿನ್ ಮುರಿಯಿತು, ಮದುವೆಗೆ ಹೊರಟವಳ ಕಣ್ಣೆದುರೇ. ಎಸ್.ಪಿ. ರೋಡಿನಲ್ಲಿ ಇದಕ್ಕೆಂದೇ ಮಾಡಿದ ಪಿನ್ ತೆಗೆಯುವ ಟೂಲ್ ಸಿಗುತ್ತದೆ. ಅಂಗಡಿಗೆ ಹೋಗಿ ಕೇಳಿದರೆ ಅವನು ತಿರುಗಿ ನಮ್ಮನ್ನೇ ಕೇಳುತ್ತಾನೆ, "ಯಾವ ಸೀರೀಸು? 2.5 ಮಿಲಿಮೀಟರಾ, 2.54ರದ್ದಾ?" ಪಿನ್ನಿಂದ ಪಿನ್ನಿಗಿರುವ ಅಂತರವಂತೆ ಅದು. ಆ 0.04ರಲ್ಲಿ ನನ್ನ ಇಡೀ ಓದು ಹಾಳಾಯಿತು. ಹಾರನ್ನಿಗೆ ಅಂದೆ. ಅವನು ನಕ್ಕು ಒಂದು ಸೆಟ್ಟನ್ನೇ ಕೈಗಿಟ್ಟ.

ತೆಗೆದ ಪಿನ್ನನ್ನು ವಾಪಸ್ ಹಾಕುವಾಗ ಇನ್ನೊಂದು ಸೂಕ್ಷ್ಮ ಇದೆ. ಅದುಮಿದ ನಾಲಿಗೆ ಮಲಗಿಬಿಟ್ಟಿರುತ್ತದೆ. ಉಗುರಿನ ತುದಿಯಿಂದ ಸ್ವಲ್ಪ ಎಬ್ಬಿಸಬೇಕು. ಹಾಗೇ ತುರುಕಿದರೆ ನೋಡುವುದಕ್ಕೆ ಕೂತಂತೆ ಕಾಣುತ್ತದೆ, ಇನ್ನೊಂದು ಕಪ್ಲರ್ ಜೋಡಿಸಿದ ಕೂಡಲೇ ಮತ್ತೆ ಹಿಂದಕ್ಕೆ ಸರಿಯುತ್ತದೆ. ಸರಿಯಾಗಿ ಕೂತರೆ ಸಣ್ಣಗೆ 'ಟಿಕ್' ಅನ್ನುತ್ತದೆ. ನಮ್ಮ ಪಾರ್ಕಿಂಗಿನ ಪಕ್ಕದಲ್ಲೇ ಮೋರಿ ಅಗೆಯುತ್ತಿದ್ದರು, ಟಿಕ್ ಎಲ್ಲಿಂದ ಕೇಳಬೇಕು. ಮೆಲ್ಲಗೆ ಎಳೆದು ನೋಡುವುದೊಂದೇ ದಾರಿ. ಎಳೆದೆ, ಬರಲಿಲ್ಲ. ಬಾರದ್ದಕ್ಕೆ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು.

ಹಾರನ್ ಹೊಡೆಯಿತು. ಅಂಕಲ್‌ಗೆ ಅಷ್ಟು ಸಾಲಲಿಲ್ಲ. "ಪಕ್ಕದವಕ್ಕೂ ಕಿಲುಬು ಹಿಡಿದಿದೆ, ಟೂಲ್ ಕೊಡಿಲ್ಲಿ" ಅಂದು ಇಂಡಿಕೇಟರಿನ ಎರಡು ಪಿನ್ನುಗಳನ್ನು ಒಟ್ಟಿಗೇ ಕಿತ್ತರು. ಒಂದು ಹಾಕಿ ಇನ್ನೊಂದು ತೆಗೆಯಬೇಕು, ಇಲ್ಲವೇ ಮೊದಲೇ ಫೋಟೋ ಹೊಡೆದುಕೊಳ್ಳಬೇಕು. ವೈರಿಗೆ ಬಣ್ಣ ಇರುತ್ತದೆ ನಿಜ. ಆದರೆ ಬೆಂಗಳೂರಿನ ಧೂಳು ಎಲ್ಲ ಬಣ್ಣಗಳನ್ನೂ ಒಂದೇ ಮಾಡಿರುತ್ತದೆ.

ಎಡಕ್ಕೆ ಹಾಕಿದರೆ ಬಲಗಡೆ ಮಿನುಗುತ್ತಿತ್ತು. ಬಹಳ ದಿನ ಯಾರಿಗೂ ತಿಳಿಯಲೇ ಇಲ್ಲ, ನಮ್ಮೂರಲ್ಲಿ ಇಂಡಿಕೇಟರ್ ನೋಡಿ ಗಾಡಿ ಓಡಿಸುವವರು ಯಾರು? ಕೊನೆಗೆ ಜೆ.ಸಿ. ರೋಡಿನಲ್ಲಿ ಒಬ್ಬ ಆಟೋದವರು ಪಕ್ಕಕ್ಕೆ ಬಂದು, "ಸ್ವಾಮಿ, ಕೈ ಒಂದು ಕಡೆ, ಲೈಟ್ ಒಂದು ಕಡೆ, ತಾವು ಯಾವ ಕಡೆ?" ಅಂದರು.

ಮನೆಗೆ ಬಂದು ಅಂಕಲ್‌ಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಅದಕ್ಕೇನಂತೆ, ಬಲಕ್ಕೆ ಹೋಗ್ಬೇಕಾದ್ರೆ ಎಡಕ್ಕೆ ಹಾಕು. ಪಿನ್ ಮಾತ್ರ ಗಟ್ಟಿಯಾಗಿ ಕೂತಿದೆ ತಾನೆ?"